ಗಮೇಲಿ ಸಾಕಿದ ಅಜ್ಜ

ಗಮೇಲಿಯ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಮರಗೆಣಸಿನ ತರಿಯಾದ ಗಾರಿ ಹುರಿಯುವ ಚಪ್ಪರದಲ್ಲಿ. ಗಂಡ ತೀರಿಕೊಂಡ ಮೇಲೆ ನಾನು ತಂಗಿಯ ಊರಿಗೆ ಬಂದು ನೆಲೆಸಿ ಇನ್ನೂ ವರ್ಷ ತುಂಬಿರಲಿಲ್ಲ. ಮೊದಲ ಮಳೆ ಬಿದ್ದು ನಿಂತಿತ್ತು. ಒಲೆಗಳ ಹೊಗೆ, ತುರಿದ ಮರಗೆಣಸಿನ ಹುಳಿ ವಾಸನೆ, ಅದರ ನಡುವೆ ಹೆಂಗಸರ ಮಾತು.

"ಗಮೇಲಿ ಗುದ್ದಲಿ ಹಾಕಿ ಅಜ್ಜನ ಮನೆ ಒಡೆದ್ನಂತೆ," ಎಂದಳು ಒಬ್ಬಳು.

"ಯಾವ ಅಜ್ಜ?" ಎಂದೆ ನಾನು.

"ಹುತ್ತದೊಳಗಿನ ಅಜ್ಜ. ಶೇಂಗಾ ಹಾಕೋಕೆ ನೆಲ ಅಗೀತಿದ್ನಂತೆ. ಮೊಟ್ಟೆ ಎಲ್ಲಾ ಅಪ್ಪಚ್ಚಿ. ಒಂದೇ ಒಂದು ಉಳ್ಕೊಂಡಿದೆ."

"ಉಡದ ಮೊಟ್ಟೇನಾ? ಅಯ್ಯೋ, ನಮ್ಮ ಕಡೆ ಅದನ್ನ ಬೇಯಿಸಿ ಮೆಣಸಿನಪುಡಿ ಹಾಕ್ಕೊಂಡು ತಿಂತಾರೆ ಕಣ್ರೇ!"

ನನ್ನ ಮಾತಿಗೆ ನಾನೊಬ್ಬಳೇ ನಕ್ಕೆ. ಬಾಣಲೆಗಳಲ್ಲಿ ಗಾರಿ ಕೆದಕುವ ಸೋರೆಬುರುಡೆಯ ಚೂರುಗಳ ಸದ್ದು ನಿಂತುಹೋಯಿತು. ತಂಗಿ ನನ್ನ ತೊಡೆಯನ್ನು ಹಿಂಡಿ, ಕಿವಿಯಲ್ಲಿ, "ಬಾಯಿ ಮುಚ್ಚು. ಅವನ ಮಗಳು ಬಸುರಿ, ಅಜ್ಜನ ಮೊಟ್ಟೆ ಒಡೆದದ್ದು ಅವಳ ಹೊಟ್ಟೆಗೆ ತಟ್ಟುತ್ತೆ," ಎಂದಳು.

ಆ ಊರಿನ ಅರ್ಧ ಮನೆಗಳು ಒಂದೇ ಬಳಿಯವು, ಒಂದೇ ಕುಲದವು. ಯಾವುದೋ ಕಾಲದಲ್ಲಿ ಓಡಿಬರುತ್ತಿದ್ದ ಅವರ ಮೂಲದ ಹೆಂಗಸಿಗೆ ಉಡವೊಂದು ನೀರಿನ ದಾರಿ ತೋರಿಸಿತಂತೆ. ಅಂದಿನಿಂದ ಅವರು ಅದನ್ನು ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಅಜ್ಜ ಎನ್ನುತ್ತಾರೆ. ನನ್ನ ಗಂಡನೋ ಬೇಟೆಗಾರ. ನಮ್ಮ ಮನೆಯಲ್ಲಿ ಅಜ್ಜ ಬೇಯುತ್ತಿದ್ದದ್ದು ಸಾರಿನಲ್ಲಿ.

ಬಳಿಯ ಹಿರಿಯ ತೋಗ್ಬೆ ಡೋಟ್ಸೆ ತೀರ್ಪು ಕೊಟ್ಟ ದಿನ ಊರೆಲ್ಲ ಮರದ ಕೆಳಗೆ ಸೇರಿತ್ತು. ನಾನೂ ಹಿಂದೆ ನಿಂತಿದ್ದೆ. ಗಮೇಲಿ ಎದೆಯವರೆಗೆ ಬಟ್ಟೆ ಇಳಿಸಿಕೊಂಡು, ಬರಿಗಾಲಲ್ಲಿ ಮಂಡಿಯೂರಿದ್ದ.

"ಉಳಿದ ಮೊಟ್ಟೇನ ಬಿಸಿ ಮಣ್ಣಲ್ಲಿ ಇಡು," ಎಂದ ತೋಗ್ಬೆ. "ಮರಿ ಬಂದ್ರೆ ಸಾಕು. ಅದು ಗಟ್ಟಿಮುಟ್ಟಾಗಿ, ತನ್ನ ಕಾಲ ಮೇಲೆ ತಾನೇ ನಡ್ಕೊಂಡು ಕಾಡಿಗೆ ಹೋಗ್ಬೇಕು. ನೀನು ಎತ್ಕೊಂಡು ಹೋಗಿ ಬಿಡೋ ಹಾಗಿಲ್ಲ. ನಿನ್ನ ಮನೇಲಿ ಮಗು ಅಳೋಕ್ಕೆ ಮುಂಚೆ ಅದು ಹೋಗಿರ್ಬೇಕು."

"ತೋಗ್ಬೆ, ಅದು ನನ್ನ ಕೈಲಿ ಸತ್ತರೆ?"

ಮುದುಕ ತನ್ನ ಕೋಲಿನ ತುದಿಯನ್ನೇ ನೋಡುತ್ತ ಕುಳಿತ. ಉತ್ತರ ಕೊಡಲೇ ಇಲ್ಲ. ಏನಾದರೊಂದು ಹೇಳಿಬಿಟ್ಟಿದ್ದರೆ ಗಮೇಲಿ ತಡೆದುಕೊಳ್ಳುತ್ತಿದ್ದನೇನೋ.

ಗಮೇಲಿ ಬಾವಿ ತೋಡುವವನು. ಒಮ್ಮೆ ಮಣ್ಣು ಕುಸಿದು ಸೊಂಟದವರೆಗೆ ಹೂತುಹೋದಾಗಲೂ, ಮೇಲೆ ಹಗ್ಗ ಎಳೆಯುವವರಿಗೆ "ಹಾಡು ಯಾಕ್ರೋ ನಿಲ್ಲಿಸಿದ್ರಿ?" ಎಂದು ಕೂಗಿದ್ದನಂತೆ. ಹೆಂಡತಿ ಹೋದ ಮೇಲೆ ಮಗಳು ಡೆಲಾಲಿಯನ್ನು ಒಬ್ಬನೇ ಬೆಳೆಸಿದ. ಅವನು ಹಾಕಿದ ಜಡೆಗಳು ಯಾವತ್ತೂ ವಾರೆ, ಅದೇ ಜಡೆಗಳಲ್ಲಿ ಆ ಹುಡುಗಿ ದೊಡ್ಡವಳಾದಳು ಎಂದು ಊರು ನಗುತ್ತಿತ್ತು. ಡೆಲಾಲಿಗೆ ಇದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಗಂಡನ ಊರಿನಿಂದ ಬೇಗನೇ ಅಪ್ಪನ ಮನೆಗೆ ಬಂದು ಮಲಗಿದ್ದಳು. ಅವಳು ಬಂದ ವಾರದಲ್ಲೇ ಅವನ ಗುದ್ದಲಿ ಆ ಮೊಟ್ಟೆಗಳ ಮೇಲೆ ಬಿದ್ದದ್ದು.

ಮೊಟ್ಟೆ ಒಡೆಯಿತು, ಮರಿ ಬಂತು ಎಂದು ಕೇಳಿದೆ. ಅಷ್ಟಕ್ಕೆ ಮರೆತೂಬಿಟ್ಟೆ. ಆಮೇಲೊಂದು ಮಧ್ಯಾಹ್ನ, ಊರೆಲ್ಲ ನೆರಳು ಹಿಡಿದು ಮಲಗಿದ್ದ ಹೊತ್ತಿನಲ್ಲಿ, ಗಮೇಲಿ ನನ್ನ ಅಂಗಳದ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ. ಅಲ್ಲಿ ಅಕ್ಕನಿಗೆ ದಾವಿ, ಅಣ್ಣನಿಗೆ ಎಫೋ ಎನ್ನುತ್ತಾರೆ.

"ದಾವಿ ಆಕು, ಇದ್ದೀರಾ?"

"ಇದ್ದೀನಿ ಎಫೋ. ಒಳಗೆ ಬಾ. ಅಜ್ಜನ್ನ ತಿನ್ನೋಳ ಮನೆ, ಕಾಲಿಡ್ತೀಯೋ ಇಲ್ವೋ?"

ನಗುತ್ತಾನೆ ಅಂದುಕೊಂಡಿದ್ದೆ. ಅವನು ಒಳಗೆ ಬಂದು ದನಿ ತಗ್ಗಿಸಿದ.

"ಅದು ಹೊಟ್ಟೆ ಎತ್ತಿ ನಡೀತಿಲ್ಲ. ತೆವಳ್ತಿದೆ. ಕಣ್ಣು ಒಳಗೆ ಹೋಗಿವೆ. ನಮ್ಮೋರಿಗೆ ಹೇಳೋಕ್ಕಾಗಲ್ಲ. ಹೇಳಿದ್ರೆ ಎಲ್ಲಾರೂ ಡೆಲಾಲಿ ಹೊಟ್ಟೆ ನೋಡ್ತಾರೆ."

ನಾನು ಹೋದೆ. ಕೋಣೆಯ ಕಿಟಕಿಗೆ ಚಾಪೆ ಕಟ್ಟಿದ್ದ. ಕತ್ತಲಲ್ಲಿ ಒಂದು ಕಡೆ ಮಗಳು ಮಲಗಿದ್ದಳು, ಪಾದ ಬಾತುಕೊಂಡಿತ್ತು. ಇನ್ನೊಂದು ಕಡೆ ದೊಡ್ಡ ಮಡಕೆ, ಒಳಗೆ ಬಿಳಿ ಬಟ್ಟೆಯ ಹಾಸಿಗೆ. ಅದರ ಮೇಲೆ ಒಂದು ಗೇಣು ಉದ್ದದ ಉಡದ ಮರಿ, ಒದ್ದೆ ಚಿಂದಿಯಂತೆ ಬಿದ್ದುಕೊಂಡಿತ್ತು. ಪಕ್ಕದ ಬಟ್ಟಲಲ್ಲಿ ಜೋಳದ ಮುದ್ದೆ, ತಾಳೆ ಎಣ್ಣೆಯಲ್ಲಿ ಹಿಸುಕಿದ ಮೊಟ್ಟೆ, ಮುಳ್ಳು ತೆಗೆದ ಹೊಗೆಮೀನು. ಹಿರಿಯರಿಗೆ ಎಡೆ ಇಡುವ ಹಾಗೆಯೇ ಇಟ್ಟಿದ್ದ. ಹಿರಿಯರನ್ನು ಬಿಸಿಲಲ್ಲಿ ಕೂರಿಸಬಾರದು, ಬರಿನೆಲದಲ್ಲಿ ಮಲಗಿಸಬಾರದು, ಹಸಿ ಪದಾರ್ಥ ಇಡಬಾರದು. ಯಾವುದರಲ್ಲೂ ಅವನು ತಪ್ಪಿರಲಿಲ್ಲ.

"ಎಫೋ, ನೀನು ಅಜ್ಜನಿಗೆ ಬಡಿಸ್ತಿದ್ದೀಯ. ಉಡಕ್ಕೆ ಇನ್ನೂ ಏನೂ ಹಾಕಿಲ್ಲ."

"ಮತ್ತೇನು ತಿನ್ನುತ್ತೆ ಅದು? ನಿಮಗೆ ಹೆಂಗೆ ಗೊತ್ತು?"

ಹೇಳಲು ನನಗೂ ಹಿಂಜರಿಕೆಯಾಯಿತು. "ಎಷ್ಟೊಂದು ಹೊಟ್ಟೆ ಬಗೆದು ತೊಳೆದಿದ್ದೀನಲ್ಲಪ್ಪ. ಒಂದರೊಳಗೂ ಮುದ್ದೆ ಇರ್ಲಿಲ್ಲ. ಚಿಮ್ಮಂಡೆ, ಸಾವಿರಕಾಲಿನ ಹುಳ, ಚಿಪ್ಪಿನ ಸಮೇತ ಬಸವನಹುಳು. ಅಷ್ಟೇ."

ಡೆಲಾಲಿ ಮಲಗಿದ್ದಲ್ಲಿಂದಲೇ ಅಂದಳು, "ದಾವಿ, ಬೆಳಿಗ್ಗೆಯಿಂದ ನನ್ನ ಮಗು ಅಲ್ಲಾಡಿಲ್ಲ. ಅಪ್ಪನಿಗೆ ಹೇಳ್ಬಾರ್ದು ಅನ್ಕೊಂಡಿದ್ದೆ. ಅವನು ಇಡೀ ದಿನ ಆ ಮಡಕೇನೇ ನೋಡ್ತಾನೆ, ನನ್ನ ಕಡೆ ತಿರುಗೋಕೇ ಹೆದರ್ತಾನೆ."

ನಾನು ಆ ಬಳಿಯವಳಲ್ಲ. ಆದರೂ ಆ ಕತ್ತಲಲ್ಲಿ ಒಂದು ಕಡೆ ಅಲ್ಲಾಡದ ಮರಿ, ಇನ್ನೊಂದು ಕಡೆ ಅಲ್ಲಾಡದ ಹೊಟ್ಟೆ ನೋಡಿದಾಗ ನನಗೂ ಎರಡೂ ಒಂದೇ ಅನ್ನಿಸಿಬಿಟ್ಟಿತು. ಚಾಪೆ ಕಿತ್ತೆಸೆದೆ. ಡೆಲಾಲಿಯನ್ನು ಎಬ್ಬಿಸಿ ಹೊರಗೆ ಕೂರಿಸಿ ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒದೆ ಬಂತು.

ಮರಿಯನ್ನು ಹೊರಗೆ ತರಲು ಮಾತ್ರ ಗಮೇಲಿ ಒಪ್ಪಲಿಲ್ಲ. "ಹದ್ದು ಇದೆ ದಾವಿ. ನಾಯಿ ಇದೆ. ಕೆಂಜಿಗ ಬಂದ್ರೆ?"

"ಮಡಕೆಯೊಳಗೆ ಸಾವು ಬರಲ್ವಾ?" ಎಂದೆ.

ಕೊನೆಗೆ ಅಂಗಳದ ಮೂಲೆಯಲ್ಲಿ ಎದೆಮಟ್ಟದ ಮಣ್ಣಿನ ಗೋಡೆ ಕಟ್ಟಿ, ಮೇಲೆ ಮುಳ್ಳು ಹೊದಿಸಿ, ಬೆಳಗಿನ ಬಿಸಿಲು ಬೀಳುವ ಕಡೆ ಒಂದು ಚಪ್ಪಟೆ ಕಲ್ಲು ಇಟ್ಟ. ನೆಲ ಅಗೆದು ಸಡಿಲ ಮಾಡಿದ. ಬಾವಿ ತೋಡುವವನಿಗೆ ನಾನು ಬಿಲ ತೋಡುವುದನ್ನು ಕಲಿಸಿದೆ. ತೋಟದಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡಲ್ಲಿ ತಾಳೆಗರಿಯ ಕಡ್ಡಿ ತೂರಿಸಿ, ಅದರ ಜಾಡು ಹಿಡಿದು ಅಗೆದರೆ ಹೆಬ್ಬೆರಳು ಗಾತ್ರದ ಚಿಮ್ಮಂಡೆ ಸಿಗುತ್ತದೆ. ಚುಚ್ಚದಂತೆ ಅದರ ಹಿಂಗಾಲು ಮುರಿದು ಹಾಕಬೇಕು. ಮೊದಲ ದಿನ ಮರಿ ಮೂಸಿಯೂ ನೋಡಲಿಲ್ಲ. ಕಲ್ಲಿನ ಮೇಲೆ ಮೈ ಕಾಯಿಸಿಕೊಂಡು ಬಿದ್ದಿತ್ತು. ಮಾರನೆಯ ದಿನ ಸೀಳು ನಾಲಿಗೆ ಹೊರಬಂತು. ಆಮೇಲೆ ಲಬಕ್ಕನೆ ಒಂದು.

ಗಮೇಲಿ ನನ್ನ ಮನೆಯವರೆಗೂ ಓಡಿಬಂದ. "ತಿಂತು ದಾವಿ! ತಲೆ ಕೊಡವಿ ಕೊಡವಿ ತಿಂತು!"

ಮಳೆಗಾಲವಿಡೀ ಅವನು ಅಗೆದ. ಮರಿ ಹೊಟ್ಟೆ ಎತ್ತಿ ನಡೆಯಿತು. ಪೊರೆ ಬಿಟ್ಟಿತು. ಬಸವನಹುಳುವನ್ನು ಕಟಕಟ ಕಡಿಯಿತು. ತಾನೇ ಬಿಲ ತೋಡಿಕೊಂಡು ಮಧ್ಯಾಹ್ನ ಅದರಲ್ಲಿ ಮಲಗಿ, ತಂಪು ಹೊತ್ತಿಗೆ ಮೂಗು ಹೊರಗಿಡುತ್ತಿತ್ತು. ಒಂದು ದಿನ ಮೈ ಉಬ್ಬಿಸಿ, ಬುಸ್ ಎಂದು, ಅವನ ಹೆಬ್ಬೆರಳು ಕಚ್ಚಿ ಹಿಡಿದುಬಿಟ್ಟಿತು. ರಕ್ತ ಸೋರುತ್ತಿದ್ದರೂ ಅವನು ಊರಿಗೆಲ್ಲ ತೋರಿಸಿಕೊಂಡು ಬಂದ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಈಗ ಬಿಟ್ಟುಬಿಡು," ಎಂದೆ. "ಮೊಳ ದಾಟಿದೆ. ಇದಕ್ಕಿಂತ ಗಟ್ಟಿ ಮರಿ ನಾ ಕಂಡಿಲ್ಲ."

"ಇನ್ನೊಂದು ಸ್ವಲ್ಪ ದಿನ. ಮೇಲೆ ನೋಡಿ."

ಮೇಲೆ ಹದ್ದು ಸುತ್ತುತ್ತಿತ್ತು. ಮಳೆ ಮುಗಿಯುವ ಕಾಲಕ್ಕೆ ಅವು ಬರುವುದೇ ಹಾಗೆ. ಅವನು ಮುಳ್ಳು ಸರಿಸಲು ಕೈ ಚಾಚುತ್ತಿದ್ದ, ಆಕಾಶ ನೋಡುತ್ತಿದ್ದ, ಕೈ ಹಿಂದೆ ತೆಗೆದುಕೊಳ್ಳುತ್ತಿದ್ದ. ತಂಗಿ ಗೊಣಗುತ್ತಿದ್ದಳು, "ಈ ಗಂಡಸು ಮಗಳನ್ನ ಮದುವೆ ಮಾಡಿ ಕಳಿಸೋವಾಗ್ಲೂ ಹಿಂಗೇ ಆಡಿದ್ದ." ಬಿಟ್ಟರೆ ಹದ್ದು ಒಯ್ಯುತ್ತದೆ, ಬಿಡದಿದ್ದರೆ ಮಗು ಮೊದಲು ಬರುತ್ತದೆ. ಈ ಎರಡರ ನಡುವೆ ಅವನು ಒಣಗಿಹೋದ. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದು ಕಾಣುತ್ತಿದ್ದವು.

ಡೆಲಾಲಿಗೆ ನೋವು ಬಂದದ್ದು ದಿನ ತುಂಬುವ ಮೊದಲೇ, ಒಂದು ಬೆಳಿಗ್ಗೆ, ಅಂಗಳ ಗುಡಿಸಿದ ಹೊತ್ತಿಗೆ. ಸೂಲಗಿತ್ತಿ ಬಂದಳು. ನಾನು ಡೆಲಾಲಿಯ ಹಿಂದೆ ಕುಳಿತು ಭುಜ ಹಿಡಿದುಕೊಂಡೆ. ಸೂಲಗಿತ್ತಿ ಕೈ ಇಟ್ಟು ನೋಡಿದಳು. ಮಗುವಿನ ಪಾದ ಮೊದಲು ಬಂದಿತ್ತು.

ಕಿಟಕಿಯಾಚೆಯಿಂದ ಗಮೇಲಿಯ ದನಿ. ಆ ಹೊತ್ತಿನಲ್ಲಿ ಗಂಡಸು ಒಳಗೆ ಬರುವ ಹಾಗಿಲ್ಲ.

"ದಾವಿ! ಎಷ್ಟು ಹೊತ್ತಿದೆ?"

"ಹೊತ್ತಿಲ್ಲ ಎಫೋ! ಅಜ್ಜನಿಗೆ ದಾರಿ ಬಿಡು! ಈಗ್ಲೇ!"

ಮುಳ್ಳು ಎಳೆದ ಸದ್ದು, ಗೋಡೆ ಒದ್ದು ಬೀಳಿಸಿದ ಸದ್ದು ಕೇಳಿತು. ಆಮೇಲೆ ಅವನ ಮಾತು. ಮೊದಲು ಮೆಲ್ಲಗೆ, "ಹೋಗಿ ಅಜ್ಜ. ದಾರಿ ಬಿಟ್ಟಿದ್ದೀನಿ, ಹೋಗಿ." ಸ್ವಲ್ಪ ಹೊತ್ತು ಬಿಟ್ಟು, ಅಳುವ ದನಿಯಲ್ಲಿ, "ನನ್ನ ಹತ್ರ ಯಾಕೆ ಬರ್ತೀರಿ? ಇವತ್ತು ಚಿಮ್ಮಂಡೆ ಇಲ್ಲ. ಆ ಕಡೆ, ಆ ಕಡೆ!"

ಅದು ಅವನ ಕಾಲಿನ ಸದ್ದಿಗೆ ಊಟ ಬರುತ್ತದೆ ಎಂದು ಕಲಿತಿತ್ತು. ಅವನು ಹಿಂದೆ ಸರಿದಂತೆ ಅದೂ ಹಿಂದೆಯೇ ಬರುತ್ತಿತ್ತು. ಮುಟ್ಟಿ ಓಡಿಸುವ ಹಾಗಿಲ್ಲ, ಎತ್ತಿ ಒಯ್ಯುವ ಹಾಗಿಲ್ಲ. ಅವನು ಅಂಗಳದ ದೊಡ್ಡ ಒರಳಿನ ಮೇಲೆ ಹತ್ತಿ ನಿಂತನೆಂದು ಆಮೇಲೆ ಗೊತ್ತಾಯಿತು. ಅಲ್ಲಿಂದ ಅವನ ಕೂಗು ಕೇಳಿತು, "ಹೋಗೋ ಮುದಿಯ! ನನ್ನ ಮಗಳನ್ನ ಕೊಲ್ತೀಯೇನೋ! ಹೋಗೋ!"

ಒಳಗೆ ಡೆಲಾಲಿ ನನ್ನ ತೋಳನ್ನು ಕಚ್ಚಿ ಹಿಡಿದಿದ್ದಳು. ಸೂಲಗಿತ್ತಿ ಎರಡನೆಯ ಪಾದ ಹಿಡಿದಳು, ಸೊಂಟ ತಿರುಗಿಸಿದಳು. ಹೊರಗೆ ಒಮ್ಮೆಗೇ ಗಮೇಲಿಯ ದನಿ ನಿಂತಿತು. ಮರುಗಳಿಗೆಗೆ ಕೋಳಿಗಳೆಲ್ಲ ಒಟ್ಟಿಗೆ ಕಿರುಚಿ ರೆಕ್ಕೆ ಬಡಿದುಕೊಂಡು ಚೆದುರಿದವು. ಯಾವುದಕ್ಕೆ ಕೋಳಿ ಹಾಗೆ ಕಿರುಚುತ್ತದೆ ಎಂದು ಬೇಟೆಗಾರನ ಹೆಂಡತಿಗೆ ಹೇಳಿಕೊಡಬೇಕಿಲ್ಲ. ನಾನು ಡೆಲಾಲಿಯ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿದೆ.

ಮಗು ಬಂತು. ಹೆಣ್ಣು. ನೀಲಿ, ಸದ್ದಿಲ್ಲ. ಸೂಲಗಿತ್ತಿ ಅದರ ಬಾಯಿಗೆ ಬಾಯಿಟ್ಟು ಹೀರಿ ಉಗಿದಳು, ಬೆನ್ನು ತಟ್ಟಿದಳು, ತಣ್ಣೀರು ಚಿಮುಕಿಸಿದಳು. ಡೆಲಾಲಿ "ಯಾಕೆ ಅಳ್ತಿಲ್ಲ? ಯಾಕೆ ಅಳ್ತಿಲ್ಲ?" ಎನ್ನುತ್ತಲೇ ಇದ್ದಳು. ನಾನು ದೇವರ ಹೆಸರು ಹೇಳಿದೆನೋ, ನನ್ನ ಗಂಡನ ಹೆಸರು ಹೇಳಿದೆನೋ ನೆನಪಿಲ್ಲ. ಆಮೇಲೆ ಒಂದು ಸಣ್ಣ ಕೆಮ್ಮು. ಅದರ ಹಿಂದೆಯೇ ಅಳು, ಸಿಟ್ಟಿನ, ಗಟ್ಟಿ ಅಳು.

ಹೊರಗೆ ಬಂದು ನೋಡಿದೆ. ಗಮೇಲಿ ಒರಳಿನ ಪಕ್ಕದಲ್ಲಿ ಕುಳಿತು ಬಟ್ಟೆಯಿಂದ ತಲೆ ಮುಖ ಎಲ್ಲ ಮುಚ್ಚಿಕೊಂಡಿದ್ದ.

"ಹೆಣ್ಣು ಕಣೋ ಎಫೋ. ಇಬ್ಬರೂ ಬದುಕಿದ್ದಾರೆ."

ಬಟ್ಟೆಯೊಳಗಿನಿಂದ, "ಕೇಳಿಸ್ತು," ಎಂದ.

"ಅಜ್ಜ?"

"ತಿರುಗಿ ಆ ಕಡೆ ಹೊರಟಿತು. ಮೇಲಿಂದ ಹದ್ದಿನ ನೆರಳು ಬಿತ್ತು ದಾವಿ. ನಾನು ಮುಖ ಮುಚ್ಕೊಂಡೆ. ಆಮೇಲೆ ಕಣ್ಣು ತೆಗೆದಿಲ್ಲ."

ಬೆಳಿಗ್ಗೆ ಗುಡಿಸಿದ ಮರಳು ನುಣ್ಣಗಿತ್ತು. ಅದರ ಮೇಲೆ ಉಗುರಿನ ಗುರುತು, ನಡುವೆ ಬಾಲ ಎಳೆದ ಗೆರೆ, ಒರಳಿನಿಂದ ಬೇಲಿಯಾಚೆಯ ಹುಲ್ಲಿನ ಕಡೆಗೆ ಹೊರಟಿತ್ತು. ಹುಲ್ಲಿಗೆ ಮುಟ್ಟಿತೋ, ನಡುವೆಯೇ ನಿಂತುಹೋಯಿತೋ ನಾನಿದ್ದ ಕಡೆಯಿಂದ ಕಾಣುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದೆ. ಕಾಲು ಎತ್ತಿಯೂ ಇದ್ದೆ.

ಗಮೇಲಿ ಮುಖದ ಬಟ್ಟೆ ತೆಗೆಯದೆಯೇ ಕೈ ಚಾಚಿ ನನ್ನ ಸೆರಗು ಹಿಡಿದ. ಇನ್ನೊಂದು ಕೈಯಿಂದ ನೆಲ ತಡವಿ ತಾಳೆಗರಿಯ ಪೊರಕೆ ಹುಡುಕಿ ನನ್ನ ಕಡೆಗೆ ನೀಡಿದ. ಮಗುವಿಗೆ ಹೆಸರಿಟ್ಟ ಮೇಲೆ ಅವನು ಮಗಳ ಜೊತೆ ಸಮುದ್ರದ ದಂಡೆಯ ಊರಿಗೆ ಹೊರಟುಹೋದ, ಮತ್ತೆ ಈ ಕಡೆ ಬರಲಿಲ್ಲ. ಹಾಗಾಗಿ ಅವನು ನನ್ನನ್ನು ಕೇಳಿದ್ದು ಅದೇ ಕೊನೆ.

"ದಾವಿ, ನಿಮಗೆ ಹೆಜ್ಜೆ ಗೊತ್ತಾಗುತ್ತೆ. ಅದಕ್ಕೇ ಕೇಳ್ಕೊತೀನಿ. ನೋಡ್ಬೇಡಿ. ಕಣ್ಣು ಮುಚ್ಕೊಂಡು ಅಂಗಳ ಗುಡಿಸಿಬಿಡಿ."