ಮೌನಮ್ಮನ ಗಂಡ ದಡ ಸೇರಿದ ಸಿನಿಮಾ

ಸುರಪುರ ಸೀಮೆಯ ಮೌನಮ್ಮನ ಗಂಡ ದೇವಿಂದ್ರ ಕೃಷ್ಣೆಯಲ್ಲಿ ಹರಗೋಲು ಹಾಕುತ್ತಿದ್ದ. ಹರಗೋಲು ಗುತ್ತೇದಾರ ಹಂಪಣ್ಣನದು, ಅದರ ಚರ್ಮ ಹರಿದಿತ್ತು. ಹೊಲಿಸಿಕೊಡಿರೆಂದರೆ ಹಂಪಣ್ಣ ನಾಳೆ, ನಾಡಿದ್ದು ಎನ್ನುತ್ತ ಹೋದ. ಹೊಳೆ ನಾಡಿದ್ದಿಗೆ ಕಾಯಲಿಲ್ಲ. ದೇವಿಂದ್ರ ಮುಳುಗಿದ, ಹೆಣವೂ ಸಿಗಲಿಲ್ಲ. ಕುಡಿದು ಬಿದ್ದನೆಂದು ಹಂಪಣ್ಣ ಸುದ್ದಿ ಹಬ್ಬಿಸಿದ. ಸತ್ತವನಿಗೆ ಬಾಯೆಲ್ಲಿ? ಊರು ನಂಬಿತು. ಮಗಳು ಶೇಖಮ್ಮ ಆಗ ತೊಟ್ಟಿಲ ಕೂಸು.

ನಾಲ್ಕು ವರ್ಷದ ಮೇಲೆ, ನಿಜಾಮರ ಆಳಿಕೆ ಮುಗಿಯುತ್ತ ಬಂದಾಗ, ಹೈದರಾಬಾದಿನಿಂದ ಮನ್ಸೂರಅಲಿ ಎಂಬವನು ಕ್ಯಾಮೆರಾ ಹೊರಿಸಿಕೊಂಡು ಬಂದ. ಹೊಳೆಯ ಜನರ ನಿಜ ಬದುಕಿನ ಸಿನಿಮಾ ತೆಗೆಯುತ್ತಾನಂತೆ. ಮೌನಮ್ಮನ ಕಥೆ ಕೇಳಿ ಕಣ್ಣೊರೆಸಿಕೊಂಡ.

"ಹರಕ ಹರಗೋಲ ತೋರಸ್ತೀರೇನ್ರಿ?" ಎಂದಳು ಆಕೆ.

"ಜರೂರ ತೋರಸ್ತೀನವ್ವಾ. ನಡದದ್ದ ನಡದಂಗ ಮಾಡಿ ತೋರಸು."

ಅದೊಂದೇ ಆಸೆಗೆ ಒಪ್ಪಿದಳು. ಆಗಿನ ಮುತ್ತೈದೆಯಂತೆ ಕಾಣಬೇಕೆಂದು ಆಕೆಗೆ ಕುಂಕುಮ ಹಚ್ಚಿ ಹಸಿರು ಬಳೆ ತೊಡಿಸಿದರು. ಶಹಾಪುರದ ಟಾಂಗಾವಾಲಾ ಅಯ್ಯಣ್ಣ ದೇವಿಂದ್ರನಾದ. ಹರಗೋಲು ಮಗುಚಿದಾಗ ಆಕೆ ಕಿರುಚಿದ್ದು ನಟನೆಯಲ್ಲ. ಮನ್ಸೂರಅಲಿ "ಶಾಬಾಷ್" ಎಂದ. ಸಂಜೆ ಕುಲದ ಹಿರಿಯರು ಕೂರಿಸಿ ಆ ಬಳೆಗಳನ್ನು ಒಡೆಸಿದರು. ಒಬ್ಬನೇ ಗಂಡನಿಗೆ ಎರಡು ಸಲ ಮುಂಡೆಯಾದವಳು ಈ ಸೀಮೆಯಲ್ಲಿ ಆಕೆಯೊಬ್ಬಳೇ ಇರಬೇಕು.

ಸಿನಿಮಾದವರ ಊಟ, ವಸತಿ ಮಾತ್ರ ಹಂಪಣ್ಣನ ಮನೆಯಲ್ಲಿತ್ತು. ಉಂಡ ಮನೆಗೆ ಎರಡು ಬಗೆಯುವುದುಂಟೆ?

ಕೆಲವು ತಿಂಗಳ ಮೇಲೆ ರಂಗಂಪೇಟೆಯಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಿದರು. ಹರಕು ಚರ್ಮ ಎಲ್ಲೂ ಕಾಣಲಿಲ್ಲ. ದೇವಿಂದ್ರ ಮುಳುಗುವಷ್ಟರಲ್ಲಿ ಹಂಪಣ್ಣನ ಆಳುಗಳು ಹಗ್ಗ ಎಸೆದು ಎಳೆದುಕೊಂಡರು. ಹಂಪಣ್ಣ ತನ್ನ ಕೈಯಾರೆ ಕಂಬಳಿ ಹೊದಿಸಿದ. ಜನ ಚಪ್ಪಾಳೆ ತಟ್ಟಿದರು.

ಮೌನಮ್ಮ ಎದ್ದು ನಿಂತು ಕೂಗಿದಳು: "ಸುಳ್ಳ! ನನ್ನ ಗಂಡ ಸತ್ತಾನ!"

"ಕೂಡ ಬೇ, ಹಿಂದಿನವರಿಗಿ ಕಾಣವಲ್ದು" ಎಂದರು ಊರವರು.

ಆಕೆ ಮನ್ಸೂರಅಲಿಯ ಅಂಗಿ ಹಿಡಿದು ಕೇಳಿದಳು. "ಬರೇ ದುಃಖ ಯಾರ ನೋಡ್ತಾರವ್ವಾ? ನಿನ್ನ ಗಂಡಗ ಬದಕಿಸೀನಲ್ಲ" ಎಂದು ಅವನು ಅಂಗಿ ಬಿಡಿಸಿಕೊಂಡು ಹೋದ. ಅಂಥವನ ಎದುರಿಗೆ ತನ್ನ ಸಂಕಟವನ್ನೆಲ್ಲ ಬಿಚ್ಚಿಟ್ಟೆನಲ್ಲ ಎಂದು ಆಕೆಗೆ ಹೇಸಿಗೆಯಾಯಿತು.

ಮಗಳನ್ನೆತ್ತಿಕೊಂಡು ಮನೆಗೆ ಬಂದು ಬಾಗಿಲು ಹಾಕಹೋದಳು. ಶೇಖಮ್ಮ ಅಡ್ಡ ನಿಂತಳು.

"ಹಾಕಬ್ಯಾಡ ಯವ್ವಾ. ಅಪ್ಪಗ ದಂಡಿಗಿ ಎಳದಾರಲ್ಲ, ಈಗ ಮನಿಗಿ ಬರ್ತಾನ."