ಗಟ್ಟಿಮೇಳಕ್ಕೆ ಮುಂಚೆ

ಅಮ್ಮನ ಕಿವಿ ಮಂದವಾಗಿ ವರ್ಷಗಳೇ ಆದವು. ಮಿಷನ್ ಹಾಕಿಸಿಕೋ ಎಂದರೆ ಸಿಡುಕುತ್ತಾಳೆ: "ಅದ್ನ ಆಕ್ಕೊಂಡ್ ನಮ್ಮೂರ್ ಬಾಗಲೂರ್ಗೆ ಓದ್ರೆ ಎಲ್ರೂ ಕಿವುಡಿ ಬಂದ್ಲು ಅಂತಾರೆ!" ಹಾಕಿಕೊಳ್ಳದಿದ್ದರೂ ಅನ್ನುತ್ತಾರೆ ಎಂದು ಅವಳಿಗೆ ಹೇಳುವವರು ಯಾರು? ಹೇಳಿದರೂ ಕೇಳಿಸಬೇಕಲ್ಲ!

ಅಂಥವಳು ನಮ್ಮ ಕಾಯರ್, ಅಂದರೆ ಗಾಯನ ತಂಡ, ಹಾಡುವುದನ್ನು ನೋಡಲು ಬಂದೇ ಬರುತ್ತೇನೆಂದು ಹಟ ಹಿಡಿದಳು. ಆರ್.ಟಿ. ನಗರದ ಒಂದು ಸಭಾಂಗಣ. ಹಾಡುವುದು ಯುರೋಪಿನ ಆಸ್ಥಾನವೊಂದರಲ್ಲಿ ರಾಜನ ಪಟ್ಟಾಭಿಷೇಕಕ್ಕೆಂದೇ ಕಟ್ಟಿದ ಬರೋಕ್ ಕಾಲದ, ಸುಮಾರು ಮುನ್ನೂರು ವರ್ಷ ಹಳೆಯ ಸಮೂಹಗಾಯನ.

"ಯಾವ್ ರಾಜಂಗೆ ಪಟ್ಟ?" ಎಂದಳು.

"ಅವನು ಸತ್ತು ಯಾವ ಕಾಲ ಆಯ್ತೋ! ನೀನು ಗಟ್ಟಿಮೇಳ ಕೇಳು, ಸಾಕು" ಎಂದು ಕಿವಿಯ ಹತ್ತಿರ ಕೂಗಿ, ಮೊದಲ ಸಾಲಿನಲ್ಲಿ ಕೂರಿಸಿದೆ.

ಅವಳಿಗೆ ಒಂದು ಮಾತು ಹೇಳುವುದನ್ನೇ ಮರೆತಿದ್ದೆ. ಆ ಗಾಯನ ಶುರುವಾಗುವುದು ಪಿಟೀಲುಗಳಿಂದ, ಅದೂ ಪಿಸುಮಾತಿನಷ್ಟು ಮೆಲ್ಲಗೆ. ಅಷ್ಟು ಹೊತ್ತೂ ನಾವು ಫೈಲು ಹಿಡಿದು ಬೊಂಬೆಗಳ ಹಾಗೆ ನಿಂತಿರಬೇಕು. ಅಮ್ಮ ಮೊದಲು ನಗುತ್ತಾ ನೋಡಿದಳು. ಪಿಟೀಲಿನ ಕಮಾನುಗಳು ಆಡುತ್ತಿವೆ, ಅಕ್ಕಪಕ್ಕದವರು ತಲೆದೂಗುತ್ತಿದ್ದಾರೆ. ಬಲಗಿವಿಗೆ ಬೆರಳು ಹಾಕಿ ಅಲ್ಲಾಡಿಸಿದಳು. ಎಡಗಿವಿಗೂ ಹಾಕಿದಳು. ಮುಖ ಬಿಳಿಚಿಕೊಂಡಿತು. ಇದ್ದಬದ್ದ ಕಿವಿಯೂ ಹೋಯಿತೆಂದು ಹೆದರಿಬಿಟ್ಟಿದ್ದಳು!

ಅಯ್ಯೋ, ಇರಮ್ಮ, ಈಗ ಬರುತ್ತೆ! ಕೈಸನ್ನೆ ಮಾಡುವ ಹಾಗೂ ಇಲ್ಲ. ಮುಗಿಯದ ಪಿಟೀಲಿಗೆ, ಅದನ್ನು ಬರೆದವನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಅಮ್ಮ ಕುರ್ಚಿ ಹಿಡಿದು ಏಳತೊಡಗಿದಳು. ಅವಳನ್ನೇ ನೋಡುತ್ತಾ ನನಗೆ ಯಾವಾಗ ಹಾಡು ಎತ್ತಿಕೊಳ್ಳಬೇಕೆಂಬ ಲೆಕ್ಕವೇ ತಪ್ಪಿಹೋಯಿತು.

ಆಗ ಬಂತು. ತುತ್ತೂರಿ, ನಗಾರಿ, ಅಷ್ಟೂ ಜನರ ಕಂಠ ಒಟ್ಟಿಗೆ. ಅಮ್ಮ ಬೆಚ್ಚಿಬಿದ್ದು ಕುಕ್ಕರಿಸಿದಳು. ಆಮೇಲೆ ತಾಳಿ ಕಟ್ಟುವಾಗ ವಾಲಗ ಜೋರಾದರೆ ಮಾಡುವ ಹಾಗೆ, ಬರಿಗೈಯಲ್ಲೇ ನಮ್ಮ ಕಡೆ ಅಕ್ಷತೆ ಎರಚಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು.

ಹೊರಗೆ ಬಂದವಳೇ ನನ್ನ ಕೈ ಹಿಡಿದುಕೊಂಡಳು.

"ಪೂರಾ ಓಯ್ತು ಅಂದ್ಕೊಂಡೆ ಕಣೇ. ಗಟ್ಟಿಮೇಳ ಕೇಳುಸ್ತು. ಆದ್ರೆ ಅದ್ರಲ್ಲಿ ನಿನ್ ದನಿ ಯಾವ್ದು ಅಂತ ಗೊತ್ತಾಗ್ಲಿಲ್ಲ. ನಾಳೆ ಆ ಮಿಸನ್ ಆಕ್ಸು."

ಗೊತ್ತಾಗುವುದಾದರೂ ಹೇಗೆ? ಲೆಕ್ಕ ತಪ್ಪಿದ ಮೇಲೆ ಕೊನೆಯವರೆಗೂ ನಾನು ಬರೀ ಬಾಯಾಡಿಸಿದ್ದೆ. ನಿಜ ಹೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂದು ಬೇಗ ಬೇಗ ಆಟೋ ಕರೆದೆ.