ಅಜ್ಜಿಯ ಕಿವಿಯೊಳಗಿನ ಕಳ್ಳ

ಹೈದರಾಬಾದಿನ ಬಾಲಾನಗರದ ಚಷ್ಮಾ ಅಂಗಡಿಯ ಬೋರ್ಡಿನ ಮೇಲಿದ್ದ ತೆಲುಗು ಪದ ಓದಿ ಇವತ್ತು ಒಬ್ಬಳೇ ನಕ್ಕೆ.

ನಾನು ಚಿಕ್ಕವಳಿದ್ದಾಗಿನ ಮಾತು. ಅಪ್ಪನಿಗೆ ವರ್ಗವಾಗಿ ನಾವು ಕಲಬುರಗಿಯಿಂದ ಹೈದರಾಬಾದಿಗೆ ಬಂದ ಹೊಸತು. ಒಂದು ಭಾನುವಾರ ಬೆಟ್ಟದ ಮೇಲಿನ ಕೋಟೆಯ ಊರಿಗೆ ಹೊರಟೆವು. ಅದಕ್ಕೆ ಕಳ್ಳರ ಊರೆಂದು ಕೆಟ್ಟ ಹೆಸರು. ಬಂಗಾರದ ಬಳೆಗಳನ್ನು ತೊಡಲೂ ಮನೆಯಲ್ಲಿ ಬಿಡಲೂ ಧೈರ್ಯವಿಲ್ಲದ ಅಜ್ಜಿ, ಅವನ್ನು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯಲ್ಲಿ ಹೂತು ತಂದಿದ್ದಳು.

ಕೋಟೆಯ ನೆರಳಲ್ಲಿ ರೊಟ್ಟಿ ತಿಂದು ಇಳಿಯುವಾಗ ಒಬ್ಬ ಗಂಡಸು, "ಕಳ್ಳದ್ದಾಲು! ಕಳ್ಳದ್ದಾಲು!" ಎಂದು ಕೂಗುತ್ತ ಹಿಂದೆ ಓಡಿಬಂದ.

"ಕಳ್ಳ ಬಂದಾನ, ಓಡ್ರಿ!" ಎಂದು ಅಜ್ಜಿ ಡಬ್ಬಿಯನ್ನು ಎದೆಗವಚಿಕೊಂಡಳು. ಮೆಟ್ಟಿಲು ಮುಗಿಯುವವರೆಗೂ ಓಡಿದೆವು. ಅಲ್ಲಿ ಆತ ಏದುಸಿರು ಬಿಡುತ್ತ ಅಂಗೈ ಚಾಚಿದ. ಅದರಲ್ಲಿ, ಊಟದ ಹೊತ್ತಿಗೆ ಕಲ್ಲಿನ ಮೇಲಿಟ್ಟು ಅಜ್ಜಿ ಮರೆತಿದ್ದ ಚಷ್ಮಾ ಇತ್ತು. ತೆಲುಗಿನಲ್ಲಿ ಅದಕ್ಕೇ ಕಳ್ಳದ್ದಾಲು ಎನ್ನುತ್ತಾರೆಂದು ಆಗ ಗೊತ್ತಾಯಿತು.

ಅಜ್ಜಿ ಅದನ್ನು ಹಾಕಿಕೊಂಡು ಆತನ ಮುಖ ನೋಡಿದಳು. "ತಪ್ಪಾತು ತಮ್ಮಾ. ಕಳ್ಳ ಈ ಊರಾಗ ಇಲ್ಲ, ನನ್ನ ಕಿವ್ಯಾಗ ಕುಂತಾನ."

ಉಳಿದ ರೊಟ್ಟಿಗೆ ಅದೇ ಡಬ್ಬಿಯ ಹಿಂಡಿ ಹಾಕಿ ಆತನಿಗೆ ಕೊಟ್ಟಳು. ಹಿಂಡಿಯೊಳಗಿಂದ ಬಳೆ ಹೊಳೆಯಿತು. ಅವಳು ಮುಚ್ಚಲಿಲ್ಲ.

ಈಗ ನನ್ನ ಮೊದಲ ಚಷ್ಮಾ ಮೂಗಿನ ಮೇಲಿದೆ. ಹಾಕಿಕೊಂಡವಳೇ, ಅಜ್ಜಿಯ ಹಾಗೆ, ಎದುರಿಗಿದ್ದ ಅಂಗಡಿಯವರ ಮುಖ ನೋಡಿದೆ.